ಕಪಾಟಿನ ಪಟ್ಟಿ: ಧಾರವಾಡ ಸೀಮೆಯ ಗ್ರಂಥಾಲಯಗಳಲ್ಲಿ ಪುಸ್ತಕದ ನೆಲೆ

ಗ್ರಂಥಾಲಯದ ಪುಸ್ತಕಗಳು ಕಪಾಟಿನಲ್ಲಿ ಯಾವ ಸಾಲಿನಲ್ಲಿ ನಿಂತಿರಬೇಕೋ ಅದೇ ಸಾಲಿನಲ್ಲಿ ಅವುಗಳ ವಿವರವನ್ನು ಬರೆದಿಟ್ಟ ದಾಖಲೆಯೇ ಕಪಾಟು ಪಟ್ಟಿ. ಹೊಸ ಪುಸ್ತಕ ಬಂದ ದಿನಾಂಕ, ಬೆಲೆ ಮತ್ತು ಅನುಕ್ರಮ ಸಂಖ್ಯೆಯನ್ನು ನಮೂದಿಸುವ ದಾಖಲಾತಿ ವಹಿ ಇದಕ್ಕಿಂತ ಬೇರೆ: ಪುಸ್ತಕ ಸಂಸ್ಥೆಯ ಆಸ್ತಿ ಎಂಬುದಕ್ಕೆ ವಹಿ ಸಾಕ್ಷಿಯಾದರೆ, ಅದರ ನೆಲೆ ಎಲ್ಲಿ, ಅಕ್ಕಪಕ್ಕದಲ್ಲಿ ಯಾವ ಪುಸ್ತಕಗಳಿರಬೇಕು ಎಂಬುದಕ್ಕೆ ಪಟ್ಟಿ ಸಾಕ್ಷಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳನ್ನು ಒಳಗೊಂಡ ಧಾರವಾಡ ಸೀಮೆಯ ಗ್ರಂಥಸಂಗ್ರಹಗಳ ಇತಿಹಾಸವನ್ನು ಈ ಎರಡು ದಾಖಲೆಗಳ ನಡುವಿನ ಅಂತರದ ಇತಿಹಾಸವೆಂದೇ ಓದಬಹುದು.

ಪುಸ್ತಕ ಕಾಯುವ ಕೆಲಸಕ್ಕೆ ಕನ್ನಡ ನಾಡಿನಲ್ಲಿ ದೀರ್ಘ ಪರಂಪರೆಯಿದೆ. ಈಗಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನವು ಅಲ್ಲಿನ ಉಪಾಧ್ಯಾಯರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನು, ಅಂದರೆ ಗ್ರಂಥಭಂಡಾರದ ಪಾಲಕರನ್ನು, ಹೆಸರಿಸುತ್ತದೆ. ಪಂಪನ ತಾಯಿಯ ತವರಾದ ಅಣ್ಣಿಗೇರಿಗೆ ಸಮೀಪದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪರಂಪರೆ ಹೇಳುತ್ತದೆ. ಓಲೆಗರಿಯ ಕಾಲದಲ್ಲಿ ಕ್ರಮದ ಸಮಸ್ಯೆ ಇಂದಿನದಕ್ಕಿಂತ ತೊಡಕಿನದಾಗಿತ್ತು. ಗರಿಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಬಿಗಿದು ಬಟ್ಟೆಯಲ್ಲಿ ಸುತ್ತಿದ ಒಂದೇ ಕಟ್ಟಿನಲ್ಲಿ ನಾಲ್ಕಾರು ಕೃತಿಗಳು ಸೇರಿರುವುದು ಸಾಮಾನ್ಯವಾಗಿದ್ದುದರಿಂದ, ಕಟ್ಟುಗಳದೊಂದು ಪಟ್ಟಿಯಾದ ಮೇಲೆ ಪ್ರತಿ ಕಟ್ಟಿನೊಳಗಿನ ಕೃತಿಗಳದು ಮತ್ತೊಂದು ಪಟ್ಟಿ ಬೇಕಾಗುತ್ತಿತ್ತು. ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದೆಡೆಯ ಜೈನ ಭಂಡಾರಗಳ ತಾಳೆಗರಿಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ, 1948ರಲ್ಲಿ ಪ್ರಕಟವಾದ ಗ್ರಂಥಸೂಚಿಯು ಯಾವ ಕೃತಿ ಯಾವ ಭಂಡಾರದಲ್ಲಿದೆ ಎಂಬುದನ್ನು ದಾಖಲಿಸಿದ ಶ್ರಮಸಾಧ್ಯ ಕಾರ್ಯವಾಗಿದ್ದು, ಕನ್ನಡ ಸಂಶೋಧನೆ ಅದಕ್ಕೆ ಸಲ್ಲಿಸಬೇಕಾದ ಋಣ ದೊಡ್ಡದು.

ಮುದ್ರಿತ ಪುಸ್ತಕಗಳ ಕಾಲದಲ್ಲಿ ಧಾರವಾಡವು ಮುಂಬಯಿ ಪ್ರಾಂತ್ಯದ ಜಿಲ್ಲೆಯಾಗಿತ್ತು. ಕುಂದಗೋಳ ಮಾತ್ರ 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1933ರಲ್ಲಿ ಮನೋಹರ ಗ್ರಂಥಮಾಲೆ ಆರಂಭವಾದ ಮೇಲೆ ಕನ್ನಡ ಪುಸ್ತಕಗಳು ಹೆಚ್ಚಿದವು, ಓದುಗರೂ ಹೆಚ್ಚಿದರು. 1939ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ಎ.ಎ.ಎ. ಫೈಜಿ ಅಧ್ಯಕ್ಷತೆಯ ಸಮಿತಿಯು ಪ್ರಾಂತ್ಯದ ಕೇಂದ್ರ ಗ್ರಂಥಾಲಯದಿಂದ ಹಿಡಿದು ಹಳ್ಳಿಯ ಗ್ರಂಥಾಲಯದವರೆಗೆ ಹಂತಹಂತದ ವ್ಯವಸ್ಥೆಯನ್ನು ಸೂಚಿಸಿ, ಕನ್ನಡ ಭಾಗದ ಪ್ರಾದೇಶಿಕ ಗ್ರಂಥಾಲಯಕ್ಕೆ ಧಾರವಾಡವನ್ನು ಆರಿಸಿತು.

ಬೀಗ ಹಾಕಿದ ಕಪಾಟುಗಳ ಕಾಲದಲ್ಲಿ ಪುಸ್ತಕದ ಗುರುತೆಂದರೆ ಕಪಾಟಿನ ಸಂಖ್ಯೆ, ಅಂಕಣದ ಸಂಖ್ಯೆ ಮತ್ತು ಅಂಕಣದೊಳಗಿನ ಸ್ಥಾನ. ಸ್ಥಿರ ಸ್ಥಾನ ಎನ್ನಲಾಗುವ ಈ ಪದ್ಧತಿಯಲ್ಲಿ ಹೊಸ ಪುಸ್ತಕವನ್ನು ಅದರ ವಿಷಯದ ನಡುವೆ ಸೇರಿಸಲು ಜಾಗವಿರುವುದಿಲ್ಲ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವು ಸಂಖ್ಯೆಯನ್ನು ಕಪಾಟಿಗೆ ಕೊಡದೆ ವಿಷಯಕ್ಕೆ ಕೊಟ್ಟು ಈ ತೊಡಕನ್ನು ನಿವಾರಿಸಿತು. ಆದರೆ ಆ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ದೊರೆತ ಸಂಖ್ಯೆ 894.814. ಇಂಗ್ಲಿಷ್ ಕಾವ್ಯಕ್ಕೆ 821 ಎಂಬ ಮೂರೇ ಅಂಕಿ ಸಾಕು. ಕನ್ನಡ ಕಾವ್ಯಕ್ಕೆ ಏಳು ಅಂಕಿ ಬೇಕು. ಕಥೆ, ಕಾದಂಬರಿ, ನಾಟಕ, ಕವಿತೆಗಳೇ ಹೆಚ್ಚಾಗಿರುವ ತಾಲ್ಲೂಕು ಮಟ್ಟದ ಸಂಗ್ರಹದಲ್ಲಿ ಸಾಲುಸಾಲು ಪುಸ್ತಕಗಳ ಬೆನ್ನ ಮೇಲೆ ಮೊದಲ ಆರು ಅಂಕಿಗಳು ಒಂದೇ ಆಗಿರುವುದರಿಂದ ಕೊನೆಯ ಅಂಕಿಯಷ್ಟೇ ಉಪಯೋಗಕ್ಕೆ ಬರುತ್ತದೆ. ಎಸ್.ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಈ ಅನ್ಯಾಯವನ್ನು ಗುರುತಿಸಿತು: ಗ್ರಂಥಾಲಯವು ತನ್ನ ಓದುಗರ ಭಾಷೆಯನ್ನು ಆದ್ಯತೆಯ ಭಾಷೆಯೆಂದು ಆರಿಸಿಕೊಂಡು, ಅದಕ್ಕೆ ಅತಿ ಚಿಕ್ಕ ಚಿಹ್ನೆಯನ್ನು ಕೊಡುವ ಅವಕಾಶ ಅದರಲ್ಲಿತ್ತು. ಕಪಾಟು ಪಟ್ಟಿಯನ್ನು ಅವರು ಷೆಲ್ಫ್ ರಿಜಿಸ್ಟರ್ ಎಂದು ಕರೆದು, ಹೊಸ ಪುಸ್ತಕಗಳನ್ನು ನಡುವೆ ಸೇರಿಸಲು ಬರುವಂತೆ ಅದು ಬಿಡಿ ಕಾರ್ಡುಗಳಲ್ಲಿರಬೇಕೆಂದು ವಿಧಿಸಿದರು. ದಾಸ್ತಾನು ಪರಿಶೀಲನೆಯಲ್ಲಿ ಒಬ್ಬರು ಕಾರ್ಡು ಓದುತ್ತ, ಇನ್ನೊಬ್ಬರು ಪುಸ್ತಕದ ಬೆನ್ನು ನೋಡುತ್ತ ಸಾಗಿದರೆ, ಕಳೆದ ಪುಸ್ತಕವೂ ದಾರಿ ತಪ್ಪಿ ನಿಂತ ಪುಸ್ತಕವೂ ಒಂದೇ ಸಲಕ್ಕೆ ಪತ್ತೆಯಾಗುತ್ತವೆ.

ವಿಷಯದೊಳಗೆ ಲೇಖಕರನ್ನು ಅಕಾರಾದಿಯಾಗಿ ನಿಲ್ಲಿಸುವುದು ಈ ಸೀಮೆಯ ಪಟ್ಟಿ ಮಾಡುವವರಿಗೆ ಎದುರಾಗುವ ನಿಜವಾದ ಕಷ್ಟ. ಧಾರವಾಡದ ಕಡೆ ಅಡ್ಡಹೆಸರು ಕೊನೆಯಲ್ಲಿದ್ದು ಅದೇ ಪ್ರಸಿದ್ಧವಾಗಿರುವುದರಿಂದ ಬೇಂದ್ರೆ, ಗೋಕಾಕ, ಕಣವಿ ಎಂದೇ ನಮೂದಿಸುವುದು ಸರಿ. ಮೈಸೂರು ಕಡೆಯ ಕೆ.ಎಸ್. ನರಸಿಂಹಸ್ವಾಮಿಯವರಲ್ಲಿ ಮೊದಲಕ್ಷರಗಳನ್ನು ಹಿಂದಕ್ಕೆ ಸರಿಸಿ ಸ್ವಂತ ಹೆಸರನ್ನೇ ಹಿಡಿಯಬೇಕು. ಕುವೆಂಪು ಅವರಿಗೆ ಕಾವ್ಯನಾಮವೇ ಹೆಸರು. ನಾಟಕಕಾರ ಶ್ರೀರಂಗರ ಮೂಲ ಹೆಸರು ಆರ್.ವಿ. ಜಾಗೀರದಾರ, ಮುಂದೆ ಬಳಸಿದ ಹೆಸರು ಆದ್ಯ ರಂಗಾಚಾರ್ಯ. ಹೀಗಾಗಿ ಅವರ ಪುಸ್ತಕಗಳು ಆ, ಜ, ರ, ಶ ಎಂಬ ನಾಲ್ಕು ಕಡೆ ಚದುರಿ ಹೋಗಲು ಅವಕಾಶವಿದೆ. ಪಟ್ಟಿಯಲ್ಲಿ ಒಂದು ಹೆಸರನ್ನು ಗೊತ್ತುಪಡಿಸಿ, ಉಳಿದ ಮೂರರಿಂದ ಅದಕ್ಕೆ ಸೂಚನೆ ಕೊಡದೆ ಹೋದರೆ, ಅವರ ನಾಟಕ ‘ಹರಿಜನ್ವಾರ’ ಕೇಳಿ ಬಂದ ಓದುಗ ಪುಸ್ತಕ ಪಕ್ಕದ ಸಾಲಿನಲ್ಲಿದ್ದರೂ ಬರಿಗೈಯಲ್ಲಿ ಹಿಂತಿರುಗುತ್ತಾನೆ. ಪ್ರತಿಯೊಂದು ಗ್ರಂಥಾಲಯವೂ ತನ್ನ ಸಂಗ್ರಹಕ್ಕೆ ಒಪ್ಪುವ ಪಟ್ಟಿಯನ್ನು ತಾನೇ ರೂಪಿಸಿಕೊಳ್ಳಬೇಕಾದುದು ಇಂಥ ಕಾರಣಗಳಿಗಾಗಿಯೇ.

ಬೆಂಗಳೂರಿನಲ್ಲಿ ನೆಲೆಸಿದ್ದ ರಂಗನಾಥನ್ ಅವರ ಮಾರ್ಗದರ್ಶನದ ನೆರವಿನಿಂದ ರೂಪುಗೊಂಡ 1965ರ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಗ್ರಂಥಾಲಯ ಕರವನ್ನೂ ಪ್ರತ್ಯೇಕ ಇಲಾಖೆಯನ್ನೂ ತಂದಿತು. ಪುಸ್ತಕಗಳು ಹಳ್ಳಿಗಳನ್ನು ತಲುಪಿದವು. ಆದರೆ ಲೆಕ್ಕಪರಿಶೋಧನೆಯ ಭಯ ದಾಖಲಾತಿ ವಹಿಯನ್ನು ಉಳಿಸಿದಂತೆ ಕಪಾಟು ಪಟ್ಟಿಯನ್ನು ಉಳಿಸುವ ಒತ್ತಾಯ ಯಾವುದೂ ಇರಲಿಲ್ಲ. ಒಬ್ಬರೇ ಮೇಲ್ವಿಚಾರಕರಿದ್ದು ದಿನದ ಕೆಲವೇ ಗಂಟೆ ತೆರೆದಿರುತ್ತಿದ್ದ ಗ್ರಾಮ ಗ್ರಂಥಾಲಯದಲ್ಲಿ ಎರಡು ದಾಖಲೆಗಳನ್ನು ನಿರ್ವಹಿಸುವುದು ಸುಲಭವೂ ಆಗಿರಲಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು.

ಗಣಕಯಂತ್ರಕ್ಕೆ ವರ್ಗಸಂಖ್ಯೆಯನ್ನು ಸರಿಯಾಗಿ ಕೊಟ್ಟರೆ ಈಗ ಕಪಾಟು ಪಟ್ಟಿ ಕ್ಷಣಾರ್ಧದಲ್ಲಿ ಸಿದ್ಧವಾಗುತ್ತದೆ. ಅಕ್ಷರಕ್ರಮವನ್ನು ಮಾತ್ರ ಯಂತ್ರಕ್ಕೇ ಬಿಟ್ಟರೆ ಅದು ಯೂನಿಕೋಡ್ ಸಂಕೇತದ ಕ್ರಮವನ್ನೇ ಅನುಸರಿಸಬಹುದು. ಅಲ್ಲಿ ಅನುಸ್ವಾರದ ಸ್ಥಾನ ಸ್ವರಗಳಿಗಿಂತ ಮೊದಲು, ವರ್ಣಮಾಲೆಯಲ್ಲಾದರೋ ಸ್ವರಗಳ ನಂತರ. ಹೀಗಾಗಿ ಕಂಬಾರರ ಪುಸ್ತಕಗಳು ಕಣವಿಯವರ ಪುಸ್ತಕಗಳಿಗಿಂತ ಮೊದಲು ನಿಲ್ಲಬೇಕೋ ಅನಂತರ ನಿಲ್ಲಬೇಕೋ ಎಂಬುದನ್ನು ಗ್ರಂಥಪಾಲಕರು ಮೊದಲೇ ತೀರ್ಮಾನಿಸಿ, ಆ ನಿಯಮವನ್ನು ಪಟ್ಟಿಯ ಮೊದಲ ಪುಟದಲ್ಲಿ ಬರೆದಿಡಬೇಕಾಗುತ್ತದೆ.