ಕಂಬಳಿಯ ಗೋಡೆ ಕಟ್ಟಿದವರು

1934ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ತೆರೆಕಂಡ 'ಇಟ್ ಹ್ಯಾಪನ್ಡ್ ಒನ್ ನೈಟ್' ಅಮೆರಿಕದ ಪ್ರಣಯ ಹಾಸ್ಯಚಿತ್ರಗಳ ಪರಂಪರೆಗೆ ಅಡಿಗಲ್ಲಾದ ಕೃತಿಗಳಲ್ಲಿ ಒಂದು. ತಂದೆಗೆ ಒಪ್ಪಿಗೆಯಿಲ್ಲದ ಗಂಡನನ್ನು ಸೇರಿಕೊಳ್ಳಲು ಶ್ರೀಮಂತರ ಮಗಳು ಎಲೆನ್ ಆಂಡ್ರ್ಯೂಸ್ ಮಯಾಮಿಯಲ್ಲಿ ವಿಹಾರನೌಕೆಯಿಂದ ನೀರಿಗೆ ಹಾರಿ, ಗುಟ್ಟಾಗಿ ನ್ಯೂಯಾರ್ಕಿನ ರಾತ್ರಿ ಬಸ್ಸು ಹತ್ತುತ್ತಾಳೆ; ಅದೇ ಬಸ್ಸಿನಲ್ಲಿದ್ದ, ಆಗಷ್ಟೇ ಕೆಲಸ ಕಳೆದುಕೊಂಡ ಪತ್ರಕರ್ತ ಪೀಟರ್ ವಾರ್ನ್ ಅವಳ ಗುರುತು ಹಿಡಿದು, ಸುದ್ದಿಯ ಆಸೆಗೆ ಜೊತೆಯಾಗಿ, ದಾರಿ ಮುಗಿಯುವಷ್ಟರಲ್ಲಿ ಅವಳಿಗೆ ಮನಸೋಲುತ್ತಾನೆ. ಇಷ್ಟು ಸರಳವಾದ ಕಥೆಯ ಈ ಚಿತ್ರದ ಕೀರ್ತಿಯನ್ನು ಬಹುಕಾಲ ನಿರ್ದೇಶಕ ಫ್ರಾಂಕ್ ಕಾಪ್ರಾ ಮತ್ತು ಇಬ್ಬರು ತಾರೆಯರ ನಡುವೆಯೇ ಹಂಚಲಾಗುತ್ತಿತ್ತು. ಆದರೆ ಚಿತ್ರ ತಯಾರಾದ ಬಗೆಯನ್ನು ನೋಡಿದರೆ, ಹಣಕ್ಕೂ ಸಮಯಕ್ಕೂ ತತ್ವಾರವಿದ್ದ ಒಂದು ಸಣ್ಣ ಸ್ಟುಡಿಯೋದಲ್ಲಿ ಬರಹಗಾರ, ಛಾಯಾಗ್ರಾಹಕ, ಕಲಾನಿರ್ದೇಶಕ, ಪೋಷಕ ನಟರು ಎಲ್ಲರೂ ಕೈಜೋಡಿಸಿ ಮಾಡಿದ ಕೆಲಸವಿದು ಎಂಬುದು ಸ್ಪಷ್ಟವಾಗುತ್ತದೆ.

ಆ ಕಾಲದ ಹಾಲಿವುಡ್ಡಿನಲ್ಲಿ ನಡೆಯುತ್ತಿದ್ದುದು ಸ್ಟುಡಿಯೋ ವ್ಯವಸ್ಥೆ, ಅಂದರೆ ದೊಡ್ಡ ಕಂಪನಿಯೊಂದು ನಟರು, ಬರಹಗಾರರು, ತಂತ್ರಜ್ಞರನ್ನು ಸಂಬಳದ ಕರಾರಿನ ಮೇಲೆ ಇಟ್ಟುಕೊಂಡು, ಚಿತ್ರ ತಯಾರಿಸಿ, ತಾನೇ ಹಂಚಿ, ಹಲವು ಸಲ ತನ್ನದೇ ಚಿತ್ರಮಂದಿರಗಳಲ್ಲಿ ತೋರಿಸುವ ಏರ್ಪಾಡು. ಎಂ.ಜಿ.ಎಂ., ಪ್ಯಾರಮೌಂಟ್ ಸಂಸ್ಥೆಗಳು ಈ ಏರ್ಪಾಡಿನ ಶಿಖರದಲ್ಲಿದ್ದರೆ, ಹ್ಯಾರಿ ಕೋನ್ ನಡೆಸುತ್ತಿದ್ದ ಕೊಲಂಬಿಯಾ ಸಂಸ್ಥೆ ಗೋವರ್ ಬೀದಿಯಲ್ಲಿ, 'ಪಾವರ್ಟಿ ರೋ' ಎಂದು, ಎಂದರೆ ಬಡವರ ಸಾಲು ಎಂದು, ಜನ ಕರೆಯುತ್ತಿದ್ದ ಜಾಗದಲ್ಲಿ ಬೆಳೆದದ್ದು. ಸ್ವಂತ ಚಿತ್ರಮಂದಿರಗಳ ಸರಣಿಯೂ ಇಲ್ಲದ, ದೊಡ್ಡ ತಾರೆಯರ ಪಡೆಯೂ ಇಲ್ಲದ ಈ ಸಂಸ್ಥೆ ಹೆಸರುವಾಸಿ ನಟರು ಬೇಕಾದಾಗ ದೊಡ್ಡ ಸ್ಟುಡಿಯೋಗಳಿಂದ ಎರವಲು ತರಬೇಕಾಗುತ್ತಿತ್ತು. ಈ ಚಿತ್ರಕ್ಕೆ ತೆಗೆದಿರಿಸಿದ್ದು ಸುಮಾರು 3,25,000 ಡಾಲರ್. ಅದರಲ್ಲಿ ನಾಯಕಿಯ ಸಂಭಾವನೆಯೇ 50,000 ಡಾಲರ್.

ಕಥೆಯ ಬೀಜ ಬಿದ್ದದ್ದು ನಿಯತಕಾಲಿಕೆಯ ಪುಟಗಳಲ್ಲಿ. ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆ್ಯಡಮ್ಸ್ ಬರೆದ 'ನೈಟ್ ಬಸ್' 1933ರ ಆಗಸ್ಟಿನಲ್ಲಿ 'ಕಾಸ್ಮೊಪಾಲಿಟನ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಆ್ಯಡಮ್ಸ್ 1905ರಲ್ಲಿ ನಕಲಿ ಔಷಧಗಳ ಮೋಸವನ್ನು ಬಯಲಿಗೆಳೆದ ಲೇಖನಮಾಲೆಯಿಂದ ಹೆಸರಾದವರು. ಮರುವರ್ಷ ಅಮೆರಿಕದಲ್ಲಿ ಅಂಗೀಕಾರವಾದ ಆಹಾರ ಮತ್ತು ಔಷಧ ಶುದ್ಧತೆಯ ಕಾಯಿದೆಗೆ ಆ ಬರಹಗಳೂ ಒತ್ತಾಸೆಯಾಗಿದ್ದವು. ಅವರ ಕಥೆಯನ್ನು ಚಿತ್ರವಾಗಿಸಲು ಹೊರಟಾಗ ನಾಯಕ ನಾಯಕಿಯರಿಬ್ಬರ ಮೇಲೂ ಪ್ರೇಕ್ಷಕರಿಗೆ ಅಕ್ಕರೆ ಹುಟ್ಟುವುದು ಕಷ್ಟವೆನಿಸಿತು. ಆಗ ಕಾಪ್ರಾ ಅವರ ಗೆಳೆಯ ಮೈಲ್ಸ್ ಕಾನಲಿ, ನಾಯಕಿಯನ್ನು ಬರೀ ಹಟಮಾರಿಯಾಗಿಸದೆ ಸಿರಿತನವೇ ಬೇಸರವಾದವಳನ್ನಾಗಿಯೂ, ನಾಯಕನನ್ನು ಎಲ್ಲರಿಗೂ ಪರಿಚಿತನೆನಿಸುವ ಪತ್ರಿಕಾ ವರದಿಗಾರನನ್ನಾಗಿಯೂ ಮಾಡುವಂತೆ ಸೂಚಿಸಿದರೆಂದು ಕಾಪ್ರಾ ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಆ ಸೂಚನೆಗೆ ರಕ್ತಮಾಂಸ ತುಂಬಿದವರು ಚಿತ್ರಕಥೆಗಾರ ರಾಬರ್ಟ್ ರಿಸ್ಕಿನ್. ಸಿಸಿಲಿಯಲ್ಲಿ ಹುಟ್ಟಿ ಬಾಲ್ಯದಲ್ಲೇ ವಲಸೆ ಬಂದು, ರಸಾಯನ ತಂತ್ರಶಾಸ್ತ್ರ ಓದಿ, ಮೂಕಿಚಿತ್ರಗಳಿಗೆ ನಗೆಪ್ರಸಂಗ ಹೊಸೆಯುತ್ತ ಮೇಲೆ ಬಂದ ಕಾಪ್ರಾ ಮತ್ತು ನ್ಯೂಯಾರ್ಕಿನಲ್ಲಿ ಹುಟ್ಟಿ ರಂಗಭೂಮಿಗೆ ನಾಟಕ ಬರೆದು ಪಳಗಿದ ರಿಸ್ಕಿನ್ ಒಂದೇ ವರ್ಷ, 1897ರಲ್ಲಿ, ಹುಟ್ಟಿದವರು. ಕಾಪ್ರಾ ಅವರಿಗೆ ದೃಶ್ಯ ಕಟ್ಟುವ ಚುರುಕು ಇದ್ದರೆ ರಿಸ್ಕಿನ್ ಅವರಿಗೆ ಬೀದಿಯ ಮಾತಿನ ಲಯವೂ ಕಾಸಿನ ಬೆಲೆಯೂ ಗೊತ್ತಿತ್ತು. 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತ ಊರೂರಲ್ಲಿ ಬ್ಯಾಂಕುಗಳನ್ನು ಮುಚ್ಚಿಸಿ, ಲಕ್ಷಾಂತರ ಜನರ ಕೆಲಸ ಕಿತ್ತುಕೊಂಡಿದ್ದ ಕಾಲವದು. ಈ ಚಿತ್ರಕಥೆಯಲ್ಲಿ ಪ್ರೀತಿ ಬೆಳೆಯುವುದು ಹಣದ ಲೆಕ್ಕದ ನಡುವೆಯೇ. ಹಸಿವಿನಿಂದ ಬಸ್ಸಿನಲ್ಲಿ ತಾಯಿಯೊಬ್ಬಳು ಮೂರ್ಛೆ ಹೋದಾಗ ಈ ಜೋಡಿಯ ಕೈಯಲ್ಲಿದ್ದ ಹಣ ಅವಳ ಮಗನ ಪಾಲಾಗುತ್ತದೆ. ಮುಂದೆ ಹಸಿ ಗಜ್ಜರಿಯೇ ಊಟವಾಗುತ್ತದೆ. ಕೊನೆಯಲ್ಲಿ, ಮಗಳನ್ನು ಹುಡುಕಿಕೊಟ್ಟವರಿಗೆ ತಂದೆ ಸಾರಿದ 10,000 ಡಾಲರ್ ಬಹುಮಾನವನ್ನು ಮುಟ್ಟದೆ, ದಾರಿಯಲ್ಲಿ ತಾನು ನಿಜವಾಗಿ ಖರ್ಚು ಮಾಡಿದ 39 ಡಾಲರ್ 60 ಸೆಂಟನ್ನಷ್ಟೇ ಪೀಟರ್ ಕೇಳುತ್ತಾನೆ. ನಾಯಕನ ಸ್ವಾಭಿಮಾನವನ್ನು ಇಷ್ಟು ಸಣ್ಣ ಮೊತ್ತದಲ್ಲಿ ಇಷ್ಟು ದೊಡ್ಡದಾಗಿ ತೋರಿಸಿದ ದೃಶ್ಯ ಪ್ರಣಯ ಹಾಸ್ಯಚಿತ್ರಗಳಲ್ಲಿ ಅಪರೂಪ.

ತಾರಾಗಣ ಕೂಡಿಸುವುದು ಮಾತ್ರ ಸುಲಭವಾಗಲಿಲ್ಲ. ಮಿರ್ನಾ ಲಾಯ್ ಸೇರಿದಂತೆ ಹಲವು ನಟಿಯರೂ, ನಾಯಕನ ಪಾತ್ರಕ್ಕೆ ಮೊದಲು ಕೇಳಿದ ರಾಬರ್ಟ್ ಮಾಂಟ್ಗೊಮೆರಿಯೂ ಒಲ್ಲೆನೆಂದರು. ಎಂ.ಜಿ.ಎಂ. ಎರವಲು ಕೊಟ್ಟದ್ದು ಕ್ಲಾರ್ಕ್ ಗೇಬಲ್ ಅವರನ್ನು. ಇದು ಅವರಿಗೆ ವಿಧಿಸಿದ ಶಿಕ್ಷೆಯೆಂಬ ಕಥೆ ಜನಪ್ರಿಯವಾಗಿದ್ದರೂ, ಆಗ ಅವರಿಗೆ ಕೊಡಲು ಸಂಸ್ಥೆಯ ಬಳಿ ಸಿದ್ಧ ಚಿತ್ರವಿರಲಿಲ್ಲ, ಎರವಲಿನಿಂದ ಲಾಭವೇ ಬರುತ್ತಿತ್ತು ಎಂಬ ಚರಿತ್ರಕಾರರ ವಿವರಣೆ ಹೆಚ್ಚು ನಂಬುವಂತಿದೆ. ಪ್ಯಾರಮೌಂಟಿನ ಕ್ಲಾಡೆಟ್ ಕೋಲ್ಬರ್ಟ್ ಫ್ರಾನ್ಸಿನಲ್ಲಿ ಹುಟ್ಟಿದವರು. 1927ರಲ್ಲಿ ಅವರ ಮೊದಲ ಚಿತ್ರ 'ಫಾರ್ ದ ಲವ್ ಆಫ್ ಮೈಕ್' ಸೋತಿತ್ತು, ಮತ್ತು ಅದರ ನಿರ್ದೇಶಕರು ಇದೇ ಕಾಪ್ರಾ. ಹೀಗಾಗಿ ಮತ್ತೆ ಒಪ್ಪಲು ಅವರು ತಮ್ಮ ಎಂದಿನ ಸಂಭಾವನೆಯ ಇಮ್ಮಡಿ ಕೇಳಿದ್ದಲ್ಲದೆ, ರಜೆಗೆ ಹೋಗಬೇಕಾದ್ದರಿಂದ ನಾಲ್ಕು ವಾರಗಳಲ್ಲಿ ತಮ್ಮ ಭಾಗ ಮುಗಿಯಬೇಕೆಂದು ಕರಾರು ಹಾಕಿದರು.

ಈ ಅವಸರವೇ ಚಿತ್ರಕ್ಕೆ ವರವಾಯಿತೆನ್ನಬೇಕು. ವೈಭವದ ಸೆಟ್ಟುಗಳಿಗೆ ಪುರುಸೊತ್ತಿಲ್ಲದ್ದರಿಂದ ಬಸ್ಸು, ರಸ್ತೆಯ ಅಂಚು, ಆಟೋ ಕ್ಯಾಂಪ್, ಎಂದರೆ ಪ್ರಯಾಣಿಕರಿಗೆ ರಾತ್ರಿಯ ಮಟ್ಟಿಗೆ ಅಗ್ಗದ ಬಾಡಿಗೆಗೆ ಕೊಡುವ ಸಾಲು ಕೋಣೆಗಳು, ಇವೇ ಕಥೆಯ ನೆಲೆಗಳಾದವು. ಕಲಾನಿರ್ದೇಶಕ ಸ್ಟೀಫನ್ ಗೂಸನ್ ಆ ಕೋಣೆಗಳ ಇಕ್ಕಟ್ಟನ್ನು ಮುಚ್ಚದೆ ಹಾಗೆಯೇ ಉಳಿಸಿದರು. ಎರಡು ಮಂಚಗಳ ನಡುವೆ ಹಗ್ಗ ಕಟ್ಟಿ, ಅದರ ಮೇಲೆ ಪೀಟರ್ ಹರವುವ ಕಂಬಳಿಗೆ ಅವನು 'ಜೆರಿಕೋದ ಗೋಡೆ' ಎಂದು ಹೆಸರಿಡುತ್ತಾನೆ. ಬೈಬಲ್ಲಿನ ಕಥೆಯಲ್ಲಿ ಜೆರಿಕೋ ಪಟ್ಟಣದ ಕೋಟೆ ಕಹಳೆಯ ಮೊಳಗಿಗೆ ಕುಸಿದು ಬೀಳುತ್ತದೆ. ಈ ಗೋಡೆಯೂ ಬೀಳಲೆಂದೇ ಎದ್ದದ್ದೆಂಬುದು ಪ್ರೇಕ್ಷಕರಿಗೆ ಆಗಲೇ ತಿಳಿದುಬಿಡುತ್ತದೆ. ಚಿತ್ರಗಳ ನೈತಿಕ ಸಂಹಿತೆ ಕಟ್ಟುನಿಟ್ಟಾಗಿ ಜಾರಿಗೆ ಬಂದದ್ದು 1934ರ ಜುಲೈಯಲ್ಲಿ, ಬಿಡುಗಡೆಯಾದ ಕೆಲವೇ ತಿಂಗಳ ಬಳಿಕ. ಆದರೂ ಆ ಸಂಹಿತೆ ಅನಿವಾರ್ಯವಾಗಿಸಿದ, ಮರೆಯಲ್ಲಿಟ್ಟು ಹೇಳುವ ಕಲೆಯನ್ನು ಒಂದು ಕಂಬಳಿ ಮೊದಲೇ ಕಲಿಸಿಕೊಟ್ಟಿತ್ತು.

ಆ ಕೋಣೆಯ ಕತ್ತಲೆಗೆ, ಕಿಟಕಿಯ ಮಳೆಗೆ, ಹುಲ್ಲಿನ ಬಣವೆಯ ಮೇಲಿನ ಬೆಳದಿಂಗಳಿಗೆ ರೂಪ ಕೊಟ್ಟವರು ಛಾಯಾಗ್ರಾಹಕ ಜೋಸೆಫ್ ವಾಕರ್. ರೇಡಿಯೋ ತಂತ್ರಜ್ಞರಾಗಿ ಆರಂಭಿಸಿ, ಜೂಮ್ ಮಸೂರದ ಆರಂಭಿಕ ಶೋಧಕರಲ್ಲಿ ಒಬ್ಬರಾದ ಅವರು ಕಾಪ್ರಾ ಅವರ ಸುಮಾರು ಇಪ್ಪತ್ತು ಚಿತ್ರಗಳಿಗೆ ಕ್ಯಾಮೆರಾ ಹಿಡಿದವರು. ಮುಖದ ಎಡಭಾಗವನ್ನೇ ತೋರಿಸಬೇಕೆಂಬ ಕೋಲ್ಬರ್ಟ್ ಅವರ ಹಟವನ್ನು ನಡೆಸಿಕೊಟ್ಟೂ, ದೃಶ್ಯದ ಸಹಜತೆ ಕೆಡದಂತೆ ಅವರು ಬೆಳಕು ಹೊಂದಿಸಿದ ಬಗೆ ಇಂದಿಗೂ ಅಭ್ಯಾಸಯೋಗ್ಯ. ದಾರಿಯಲ್ಲಿ ಹೋಗುವ ವಾಹನ ನಿಲ್ಲಿಸಲು ನಾಯಕಿ ಲಂಗ ಮೇಲೆತ್ತಿ ಕಾಲು ತೋರಿಸುವ ಪ್ರಸಿದ್ಧ ದೃಶ್ಯಕ್ಕೆ ಕೋಲ್ಬರ್ಟ್ ಮೊದಲು ಒಪ್ಪಿರಲಿಲ್ಲ. ಬದಲಿಗೆ ನೃತ್ಯಗಾತಿಯೊಬ್ಬಳನ್ನು ಕರೆತಂದಾಗ, ಅದು ತಮ್ಮ ಕಾಲಿನಂತಿಲ್ಲವೆಂದು ತಾವೇ ಮುಂದೆ ಬಂದರೆಂದು ಕಾಪ್ರಾ ನೆನೆದಿದ್ದಾರೆ. ವಾಲ್ಟರ್ ಕಾನಲಿಯ ತಂದೆ, ರಾಸ್ಕೋ ಕಾರ್ನ್ಸ್ ಅವರ ವಾಚಾಳಿ ಪ್ರಯಾಣಿಕ, ಅಲನ್ ಹೇಲ್ ಅವರ ಹಾಡುವ ಕಾರು ಚಾಲಕ, ಇವರೆಲ್ಲ ನಿಮಿಷಗಳಷ್ಟೇ ಬಂದರೂ ಒಂದು ದೇಶದ ಜನವನ್ನೇ ಬಸ್ಸಿಗೆ ತುಂಬಿದಂತೆ ಮಾಡುತ್ತಾರೆ.

ರೇಡಿಯೋ ಸಿಟಿ ಮ್ಯೂಸಿಕ್ ಹಾಲಿನಿಂದ ಒಂದೇ ವಾರದಲ್ಲಿ ತೆಗೆದುಹಾಕಲಾದ ಚಿತ್ರ, ಸಣ್ಣ ಊರುಗಳಲ್ಲಿ ಬಾಯಿಂದ ಬಾಯಿಗೆ ಹಬ್ಬಿ ಗೆದ್ದಿತು. 1935ರ ಫೆಬ್ರವರಿ 27ರಂದು ಲಾಸ್ ಏಂಜಲೀಸಿನಲ್ಲಿ ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ, ಈ ಐದು ಮುಖ್ಯ ಆಸ್ಕರ್ ಪ್ರಶಸ್ತಿಗಳೂ ಅದರ ಪಾಲಾದವು. ಅಂಥ ಗೆಲುವು ಮತ್ತೆ ಕಂಡದ್ದು 1975ರ 'ಒನ್ ಫ್ಲ್ಯೂ ಓವರ್ ದ ಕುಕೂಸ್ ನೆಸ್ಟ್' ಚಿತ್ರಕ್ಕೆ. ಸೋಲು ಖಚಿತವೆಂದು ರೈಲು ಹತ್ತಲು ಹೊರಟಿದ್ದ ಕೋಲ್ಬರ್ಟ್ ಪ್ರಯಾಣದ ಉಡುಪಿನಲ್ಲೇ ಬಂದು ಪ್ರಶಸ್ತಿ ಪಡೆದರು. ವಾಕರ್ ಅವರ ಛಾಯಾಗ್ರಹಣ ನಾಮನಿರ್ದೇಶನದ ಪಟ್ಟಿಗೂ ಸೇರಲಿಲ್ಲ. ಜೀವಮಾನದ ತಾಂತ್ರಿಕ ಸಾಧನೆಗಾಗಿ ಅಕಾಡೆಮಿ ಅವರನ್ನು ಗೌರವಿಸಿದ್ದು 1982ರಲ್ಲಿ. ರಿಸ್ಕಿನ್ 1950ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ 1955ರಲ್ಲಿ ತೀರಿಕೊಂಡರು. ಚಿತ್ರ ನಿರ್ದೇಶಕನೊಬ್ಬನ ಸೃಷ್ಟಿಯೆಂಬ ನಂಬಿಕೆಯನ್ನೇ ಶೀರ್ಷಿಕೆಯಾಗಿಸಿಕೊಂಡ ಕಾಪ್ರಾ ಅವರ ಆತ್ಮಕಥೆ ಹೊರಬಂದದ್ದು 1971ರಲ್ಲಿ. ಅದಕ್ಕೆ ಉತ್ತರ ಕೊಡಬಲ್ಲ ಬರಹಗಾರ ಅಷ್ಟರಲ್ಲಿ ಬದುಕಿರಲಿಲ್ಲ.

1952ರಲ್ಲಿ ಮುಂಬಯಿಯಲ್ಲಿ ನಡೆದ ಭಾರತದ ಮೊದಲ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಕಾಪ್ರಾ ಅಮೆರಿಕದ ಪ್ರತಿನಿಧಿಯಾಗಿ ಬಂದಿದ್ದರು. ನಾಲ್ಕು ವರ್ಷಗಳ ಬಳಿಕ ರಾಜ್ ಕಪೂರ್ ಮತ್ತು ನರ್ಗಿಸ್ ನಟಿಸಿದ 'ಚೋರಿ ಚೋರಿ', 1991ರಲ್ಲಿ ಮಹೇಶ್ ಭಟ್ ನಿರ್ದೇಶನದ 'ದಿಲ್ ಹೈ ಕಿ ಮಾನ್ತಾ ನಹೀಂ', 2007ರಲ್ಲಿ ಕನ್ನಡದಲ್ಲಿ ಗಣೇಶ್ ಮತ್ತು ರೇಖಾ ನಟಿಸಿದ 'ಹುಡುಗಾಟ' ಇದೇ ಕಥೆಯ ಎಳೆ ಹಿಡಿದು ಬಂದವು. ಭಾಷೆ, ಹಾಡು, ಊರುಗಳು ಬದಲಾದರೂ, ಮನೆ ಬಿಟ್ಟ ಸಿರಿವಂತ ಹುಡುಗಿಯ ಜೊತೆಗೆ ಎರಡೂ ಹಿಂದಿ ಚಿತ್ರಗಳಲ್ಲಿ ಹೊರಟವನು ಪತ್ರಕರ್ತನೇ. ನಾಯಕ ಪತ್ರಕರ್ತನಾಗಲಿ ಎಂದು 1933ರಲ್ಲಿ ಸಲಹೆ ಕೊಟ್ಟ ಮೈಲ್ಸ್ ಕಾನಲಿಯ ಹೆಸರು ಮೂಲ ಚಿತ್ರದ ಶೀರ್ಷಿಕೆಪಟ್ಟಿಯಲ್ಲಿ ಇಲ್ಲ.