ಪ್ರಾಡೊದಲ್ಲಿ ಮಾನೆ ಕಂಡ ಗಾಳಿ

1865ರ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಎದ್ವಾರ್ ಮಾನೆಯ ‘ಒಲಿಂಪಿಯಾ’ದ ಮುಂದೆ ಜನ ನಕ್ಕರು, ಬೈದರು, ಪತ್ರಿಕೆಗಳೂ ಬಿಡಲಿಲ್ಲ. ಕವಿ ಬೋದಿಲೇರ್‌ಗೆ ಕಾಗದ ಬರೆದು ಅಳಲು ತೋಡಿಕೊಂಡ ಮಾನೆ, ಬೇಸಿಗೆಯ ಕೊನೆಗೆ ಸ್ಪೇನಿಗೆ ಹೊರಟ. ಜೊತೆಗೆ ಬರಬೇಕಿದ್ದ ಗೆಳೆಯರು ಬರಲಿಲ್ಲ. 33ರ ಹರೆಯದ ಅವನು ಒಬ್ಬನೇ ಮ್ಯಾಡ್ರಿಡ್ ತಲುಪಿದ.

ಅಲ್ಲಿನ ಊಟ ಅವನಿಗೆ ಸೇರಲಿಲ್ಲ. ಪ್ರಾಡೊ ಮ್ಯೂಸಿಯಂ ಮಾತ್ರ ಹಿಡಿದು ನಿಲ್ಲಿಸಿತು. ಆಸ್ಥಾನದ ವಿದೂಷಕ ಪಾಬ್ಲೊ ದೆ ವಯಾದೊಲಿದ್‌ನನ್ನು ವೆಲಾಸ್ಕೆಸ್ 1635ರ ಸುಮಾರಿಗೆ ಚಿತ್ರಿಸಿದ್ದ. ಕಪ್ಪು ಬಟ್ಟೆಯ ಆಳೆತ್ತರದ ಮನುಷ್ಯ. ಹಿಂದೆ ಗೋಡೆಯಿಲ್ಲ, ನೆಲ ಎಲ್ಲಿ ಮುಗಿಯಿತೆಂದು ತೋರಿಸುವ ಗೆರೆಯೂ ಇಲ್ಲ. ಕಾಲ ಬಳಿಯ ನೆರಳೊಂದೇ ಅವನನ್ನು ನೆಲಕ್ಕೆ ಊರಿದೆ. ಹಿನ್ನೆಲೆ ಮಾಯವಾಗಿ, ಅವನ ಸುತ್ತ ಬರೀ ಗಾಳಿಯಿದೆ ಎಂದು ಮಾನೆ ಗೆಳೆಯ ಫಾಂತಾಂ-ಲಾತೂರ್‌ಗೆ ಬರೆದ.

ಪ್ಯಾರಿಸ್ ಯಾವುದನ್ನು ಚಪ್ಪಟೆ, ಅರೆಬರೆ ಎಂದು ಹಳಿದಿತ್ತೋ ಅದರ ಧೈರ್ಯವನ್ನು ರಾಜನ ಚಿತ್ರಕಾರನೊಬ್ಬ ಇನ್ನೂರು ವರ್ಷ ಮೊದಲೇ ತೋರಿದ್ದ. ಊರಿಗೆ ಮರಳಿದ ಮಾನೆ ಕೊಳಲೂದುವ ಸೈನಿಕ ಹುಡುಗನೊಬ್ಬನನ್ನು ಹಾಗೆಯೇ ಬರಿಯ ಬೂದು ಬಣ್ಣದಲ್ಲಿ ನಿಲ್ಲಿಸಿದ. 1866ರ ಸಲೋನ್ ಅದನ್ನು ತಿರಸ್ಕರಿಸಿತು. ಅವನು ಶೈಲಿ ಬದಲಿಸಲಿಲ್ಲ. ಆ ಹುಡುಗ ಈಗ ಪ್ಯಾರಿಸ್‌ನ ಓರ್ಸೆ ಮ್ಯೂಸಿಯಂಗೆ ಸೇರಿದವನು, ಒಲಿಂಪಿಯಾಳೂ ಅಲ್ಲಿಯವಳೇ.