ನರ್ಸುಗಳು ಕಟ್ಟಿದ ದವಾಖಾನೆ: ಕೃಷ್ಣಾ–ಘಟಪ್ರಭಾ ಸೀಮೆಯ ಹಿನ್ನೆಲೆಯಲ್ಲಿ ಗ್ರಾಮೀಣ ಕಥೋಲಿಕ ಆಸ್ಪತ್ರೆಯ ಚರಿತ್ರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಇಂದು ಬಾಗಲಕೋಟೆ ಜಿಲ್ಲೆಯ ತಾಲೂಕುಗಳು. 1948ರವರೆಗೆ ಇವು ಒಂದೇ ಆಡಳಿತದ ಕೆಳಗೆ ಇರಲಿಲ್ಲ. ಜಮಖಂಡಿಯನ್ನು ಪಟವರ್ಧನರು, ಮುಧೋಳವನ್ನು ಘೋರ್ಪಡೆಯವರು ಆಳುತ್ತಿದ್ದರು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ, ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿತ್ತು. ಹರದಾರಿಗೊಂದು ಸರಹದ್ದು ಬದಲಾಗುತ್ತಿದ್ದ ಇಂಥ ಸೀಮೆಯಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಒಂದೇ ವ್ಯವಸ್ಥೆ ಬೆಳೆಯುವುದು ಸಾಧ್ಯವಿರಲಿಲ್ಲ. ಇಲ್ಲಿಯ ಮಿಶನ್ ಆಸ್ಪತ್ರೆಗಳ ಚರಿತ್ರೆಯನ್ನು ಈ ಹಿನ್ನೆಲೆಯಿಂದಲೇ ಓದಬೇಕು.

ಈ ಭಾಗಕ್ಕೆ ಆಧುನಿಕ ವೈದ್ಯವನ್ನು ಮೊದಲು ಹತ್ತಿರ ತಂದವರು ಪ್ರಾಟೆಸ್ಟೆಂಟರು. ಬಾಸೆಲ್ ಮಿಶನ್ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡಕ್ಕೂ ಬಂದಿತು. ಅದಕ್ಕಿಂತ ಆಳವಾದ ಗುರುತು ಉಳಿಸಿದ್ದು ಮಿರಜ. ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಶನ್ನಿನ ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ರಬಕವಿ, ತೇರದಾಳ, ಜಮಖಂಡಿಯವರು ಕುಡಚಿಯಲ್ಲಿ ರೈಲು ಹತ್ತಿದರೆ ಮಿರಜ ಮುಟ್ಟಬಹುದಿತ್ತು. ಊರಲ್ಲಿ ಕೈಮೀರಿದ ರೋಗಿಯನ್ನು ಮಿರಜಕ್ಕೆ ಒಯ್ಯುವ ರೂಢಿ ಇಂದಿಗೂ ಹೋಗಿಲ್ಲ. ಆ ಆಸ್ಪತ್ರೆಯ ಹೆಸರು ನಿಂತದ್ದು ಶಸ್ತ್ರಚಿಕಿತ್ಸೆಯ ಮೇಲೆ, ಒಬ್ಬ ವೈದ್ಯನ ಕೈಗುಣದ ಮೇಲೆ.

ಕಥೋಲಿಕರ ದಾರಿ ಬೇರೆ. ಅದು ಬೇರೆಯಾದದ್ದೇಕೆ ಎಂಬುದನ್ನು ನಮ್ಮ ಪ್ರಾದೇಶಿಕ ಚರಿತ್ರೆಕಾರರು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಭಾವನೆ. ಕರ್ನಾಟಕದ ಕಥೋಲಿಕ ವೈದ್ಯಸೇವೆಯ ಮಾತು ಬಂದಾಗ ಮೊದಲು ನೆನಪಾಗುವವರು ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್. ಜರ್ಮನಿಯ ಈ ಜೆಸ್ವಿಟ್ ಪಾದ್ರಿ 1880ರಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧ ಕೊಡತೊಡಗಿದರು. ಕುಷ್ಠರೋಗಿಗಳ ಆರೈಕೆಗೂ ಕೈಹಾಕಿದರು. 1886ರಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಆರಂಭಿಸಿದರು. ಇವೆರಡೂ ಪಟ್ಟಣದ ಸಂಸ್ಥೆಗಳು. ಹಳ್ಳಿಗೆ ಹೋಗಿ ಹೆರಿಗೆ ಮಾಡಿಸಬಲ್ಲ ಸನ್ಯಾಸಿನಿ ಆಗ ಇರಲಿಲ್ಲ, ಇರುವುದಕ್ಕೆ ಚರ್ಚಿನ ಕಾನೂನೇ ಬಿಡುತ್ತಿರಲಿಲ್ಲ. ವ್ರತ ತೊಟ್ಟವರು ವೈದ್ಯ, ಶಸ್ತ್ರಚಿಕಿತ್ಸೆ, ಪ್ರಸೂತಿ ಕೆಲಸಗಳಲ್ಲಿ ತೊಡಗುವುದಕ್ಕೆ ಅದು ತಡೆಯೊಡ್ಡಿತ್ತು. ಪರದೆಯ ಪದ್ಧತಿಯಿಂದಾಗಿ ಗಂಡು ವೈದ್ಯರ ಬಳಿಗೆ ಹೋಗಲಾಗದೆ ಸಾಯುತ್ತಿದ್ದ ಭಾರತದ ಹೆಂಗಸರ ಸ್ಥಿತಿಯನ್ನು ಕಂಡ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಈ ತಡೆಯನ್ನು ತೆಗೆಯಿರೆಂದು ರೋಮಿಗೆ ಮತ್ತೆಮತ್ತೆ ಮೊರೆಯಿಟ್ಟರು. ಅವರು ತೀರಿಕೊಂಡದ್ದು 1913ರಲ್ಲಿ. ತಡೆ ಸಡಿಲಗೊಂಡದ್ದು 1936ರ ಫೆಬ್ರವರಿ 11ರಂದು. ಕನ್ಯಾಸ್ತ್ರೀಯರು ದಾದಿಯರಾಗಿ, ಸೂಲಗಿತ್ತಿಯರಾಗಿ, ವೈದ್ಯೆಯರಾಗಿ ತರಬೇತಿ ಪಡೆಯಲಿ ಎಂದು ಅಂದು ರೋಮ್ ಸೂಚನೆ ಹೊರಡಿಸಿತು. ನಡುವಿನ ಇಪ್ಪತ್ತಮೂರು ವರ್ಷಗಳಲ್ಲಿ ಹೆರಿಗೆಯಲ್ಲಿ ಜೀವ ಬಿಟ್ಟ ತಾಯಂದಿರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ.

ಈ ಕಥೆಗೆ ಬೆಂಗಳೂರಿನೊಡನೆ ಗಟ್ಟಿಯಾದ ನಂಟಿದೆ. ಮೆಕ್ಲಾರೆನ್ ಅವರ ಬದುಕನ್ನು ಓದಿ ಪ್ರೇರಣೆ ಪಡೆದ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೋರಿ 1920ರಲ್ಲಿ ಗುಂಟೂರಿಗೆ ಬಂದು ಸನ್ಯಾಸ ಸ್ವೀಕರಿಸಿದರು. ವೈದ್ಯವೃತ್ತಿ ಮುಂದುವರಿಸಲು ಅವರು ವಿಶೇಷ ಅನುಮತಿ ಪಡೆಯಬೇಕಾಯಿತು. 1943ರಲ್ಲಿ ಹದಿನಾರು ಮಂದಿ ಸಿಸ್ಟರುಗಳು ಸೇರಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು, ಅದರ ಮುಂದಾಳು ಅವರೇ. ಅವರು 1957ರಲ್ಲಿ ಕೊನೆಯುಸಿರೆಳೆದದ್ದು ಬೆಂಗಳೂರಿನಲ್ಲಿ. ಅವರು ಕನಸಿದ್ದ ಕಥೋಲಿಕ ವೈದ್ಯಕೀಯ ಕಾಲೇಜು 1963ರಲ್ಲಿ ಅದೇ ಊರಿನಲ್ಲಿ ಸೇಂಟ್ ಜಾನ್ಸ್ ಆಗಿ ತೆರೆಯಿತು. ಓದು ಮುಗಿಸಿದವರು ಕೆಲಕಾಲ ಹಿಂದುಳಿದ ಪ್ರದೇಶದ ಆಸ್ಪತ್ರೆಗಳಲ್ಲಿ ದುಡಿಯಬೇಕೆಂಬ ಕರಾರನ್ನು ಆ ಕಾಲೇಜು ರೂಢಿಗೆ ತಂದಿತು. ಹೀಗೆ ಬಂದ ಎಳೆಯ ವೈದ್ಯರು ಬಂದು ಹೋಗುವವರು. ವರ್ಷಗಟ್ಟಲೆ ಉಳಿಯುವವರು ಸಿಸ್ಟರುಗಳು.

ಬೆಳಗಾವಿ ಧರ್ಮಪ್ರಾಂತ ಸ್ಥಾಪನೆಯಾದದ್ದು 1953ರಲ್ಲಿ. ಉತ್ತರ ಕರ್ನಾಟಕದ ಒಳನಾಡಿಗೆ ಕಥೋಲಿಕ ಆರೋಗ್ಯಸೇವೆ ಬಂದಾಗ 1936ರ ಬದಲಾವಣೆ ಆಗಲೇ ಫಲ ಕೊಡತೊಡಗಿತ್ತು. ಆದ್ದರಿಂದಲೇ ಇಲ್ಲಿಯ ಗ್ರಾಮೀಣ ಕಥೋಲಿಕ ಆಸ್ಪತ್ರೆಯ ಬೆನ್ನೆಲುಬು ಸರ್ಜನ್ ಅಲ್ಲ, ನರ್ಸ್ ಎಂಬುದು ಈ ಲೇಖನದ ವಾದ. ಕಾನ್ವೆಂಟಿನ ಮಗ್ಗುಲಲ್ಲೊಂದು ಔಷಧ ಕೊಡುವ ಕೋಣೆ, ಆಮೇಲೆ ಹೆರಿಗೆ ಕೋಣೆ, ಆಮೇಲೆ ನಾಲ್ಕಾರು ಹಾಸಿಗೆ ಎಂಬ ಬೆಳವಣಿಗೆಯ ಕ್ರಮ ಹುಟ್ಟಿದ್ದು ಇದರಿಂದ. ಮಿರಜದಂಥ ಆಸ್ಪತ್ರೆಗೆ ದೂರದೂರದ ರೋಗಿ ಹೋದ. ಇಂಥ ದವಾಖಾನೆ ರೋಗಿಯ ಊರಿನ ಹತ್ತಿರ ಹೋಯಿತು. ಅದು ರಾತ್ರಿಯೂ ತೆರೆದಿರುತ್ತದೆ, ಅಲ್ಲಿ ಹೆಂಗಸೊಬ್ಬಳು ಇರುತ್ತಾಳೆ ಎಂಬ ಭರವಸೆಯೇ ಅದರ ಮೊದಲ ಸೇವೆ. ಈ ಜಿಲ್ಲೆಯಲ್ಲಿ ಕಥೋಲಿಕರ ಸಂಖ್ಯೆ ತೀರಾ ಕಡಿಮೆ, ಹಾಗಾಗಿ ಇಂಥಲ್ಲಿಗೆ ಬರುವವರಲ್ಲಿ ಬಹುಪಾಲು ಬೇರೆ ಮತಗಳವರೇ.

ಆರೈಕೆಯನ್ನೇ ನೆಚ್ಚಿದ ಇಂಥ ಸಂಸ್ಥೆಯ ಅಗತ್ಯ ಎದ್ದು ಕಂಡದ್ದು ಎಚ್‌ಐವಿ ಕಾಲದಲ್ಲಿ. ಬಾಗಲಕೋಟೆ ಜಿಲ್ಲೆಯ ಮೂರು ತಾಲೂಕುಗಳಲ್ಲಿ 2003ರಲ್ಲಿ ನಡೆದ ಸಮುದಾಯ ಸಮೀಕ್ಷೆ ವಯಸ್ಕರಲ್ಲಿ ಶೇ. 2.9ರಷ್ಟು ಸೋಂಕನ್ನು ಗುರುತಿಸಿತು. ಪಟ್ಟಣಗಳಿಗಿಂತ ಹಳ್ಳಿಗಳಲ್ಲೇ ಅದು ಹೆಚ್ಚಿತ್ತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ 1982ರ ಕಾಯ್ದೆಯ ಆಚೆಗೂ ಉಳಿದ ಪದ್ಧತಿ, ದುಡಿಮೆಗಾಗಿ ಗುಳೆ ಹೋಗುವ ಬದುಕು, ಎರಡೂ ಇದಕ್ಕೆ ಇಂಬುಕೊಟ್ಟವು. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧವನ್ನು ಸರ್ಕಾರ ಉಚಿತವಾಗಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ, ಅದೂ ಮೊದಲಿಗೆ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ. ಅದು ಹಳ್ಳಿ ತಲುಪುವವರೆಗೆ ರೋಗಿಗೆ ಕೊಡಬಹುದಾಗಿದ್ದದ್ದು ಇಷ್ಟೇ: ಅವಕಾಶವಾದಿ ಸೋಂಕುಗಳಿಗೆ ಮದ್ದು, ಹೊಟ್ಟೆಗೆ ಊಟ, ಮುಟ್ಟಿ ಮಾತಾಡಿಸುವ ಒಬ್ಬರು. ಮನೆಯವರೇ ಹೊರಗಿಟ್ಟ ಹೆಣ್ಣಿಗೆ ಇವು ಸಣ್ಣ ಸಂಗತಿಗಳಲ್ಲ. ದೇಶದುದ್ದಕ್ಕೂ ಕಥೋಲಿಕ ಆಸ್ಪತ್ರೆಗಳು ಈ ಹೊಣೆ ಹೊತ್ತವು. ಕುಷ್ಠ, ಕ್ಷಯ ರೋಗಿಗಳ ಸೇವೆಯಲ್ಲಿ ಪಳಗಿದ ಕೈ ಅಲ್ಲಿ ನೆರವಿಗೆ ಬಂತು.

ಈಚಿನ ದಶಕಗಳಲ್ಲಿ ಸೀಮೆಯೇ ಬದಲಾಗಿದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ತಾವೇ ಬ್ಯಾರೇಜು ಕಟ್ಟಿಕೊಂಡರು. ನೀರು ಬಂತು, ಕಬ್ಬು ಹಬ್ಬಿತು, ಸಕ್ಕರೆ ಕಾರ್ಖಾನೆಗಳು ಎದ್ದವು. ಅತ್ತ ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳು ಆಲಮಟ್ಟಿ ಹಿನ್ನೀರಿಗೆ ನೆಲ ಕಳೆದುಕೊಂಡವು. ಕೈಯಲ್ಲಿ ಹಣ ಆಡಿದ ಕಡೆ ಖಾಸಗಿ ನರ್ಸಿಂಗ್ ಹೋಮುಗಳು ಬಂದವು. 2003ರ ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗೆ ಶಸ್ತ್ರಚಿಕಿತ್ಸೆಯನ್ನು ಎಟುಕಿಸಿತು. 2005ರ ಜನನಿ ಸುರಕ್ಷಾ, 2008ರ 108 ಆಂಬುಲೆನ್ಸ್ ಹೆರಿಗೆಯನ್ನು ಸರ್ಕಾರಿ ಆಸ್ಪತ್ರೆಗಳತ್ತ ತಿರುಗಿಸಿದವು. ಇದು ಒಳ್ಳೆಯದೇ. ಆದರೆ ಈ ಎಲ್ಲ ಯೋಜನೆಗಳು ಹಣ ಕೊಡುವುದು ಆಪರೇಶನ್, ಹೆರಿಗೆಯಂಥ ಎಣಿಸಬಲ್ಲ ಘಟನೆಗೆ. ಪಾರ್ಶ್ವವಾಯು ಬಡಿದ ಮುದುಕಿಯ ಮಗ್ಗುಲು ಬದಲಿಸುವುದಕ್ಕೆ, ಮಗ್ಗದ ಧೂಳಿನಲ್ಲಿ ಎದೆ ಕೆಟ್ಟ ನೇಕಾರನನ್ನು ತಿಂಗಳುಗಟ್ಟಲೆ ನೋಡಿಕೊಳ್ಳುವುದಕ್ಕೆ ಅವುಗಳಲ್ಲಿ ಬಾಬತ್ತಿಲ್ಲ. ನರ್ಸುಗಳು ಕಟ್ಟಿದ ದವಾಖಾನೆಗೆ ಮುಂದಿನ ಕೆಲಸ ಇರುವುದು ಇಲ್ಲೇ.

ಈ ಮಾದರಿಗೆ ಮಿತಿಗಳೂ ಇವೆ. ಸಿಸ್ಟರುಗಳಲ್ಲಿ ಬಹುಮಂದಿ ಕೇರಳದವರು, ಕರಾವಳಿಯವರು. ಅಲ್ಲಿಯ ಕುಟುಂಬಗಳಿಂದ ಸನ್ಯಾಸಕ್ಕೆ ಬರುವವರು ಈಗ ಕಡಿಮೆಯಾಗುತ್ತಿದ್ದಾರೆ. ಸ್ಥಳೀಯ ಹೆಣ್ಣುಮಕ್ಕಳನ್ನು ನರ್ಸಿಂಗ್‌ಗೆ ತಯಾರು ಮಾಡುವ ಕೆಲಸ ಬಹಳ ಮೊದಲೇ, ಇನ್ನೂ ದೊಡ್ಡ ಪ್ರಮಾಣದಲ್ಲಿ ಆಗಬೇಕಿತ್ತು.

ಸಂಶೋಧಕರಲ್ಲಿ ಒಂದು ಕೋರಿಕೆ. ಮಿಶನ್ ಚರಿತ್ರೆಗೆ ನಾವು ಬಳಸುವ ಆಕರಗಳು ಬಹುತೇಕ ಪಾದ್ರಿಗಳ ಪತ್ರಗಳು, ವಾರ್ಷಿಕ ವರದಿಗಳು. ನರ್ಸುಗಳ ಬರವಣಿಗೆ ಇರುವುದು ಹೆರಿಗೆ ರಿಜಿಸ್ಟರಿನಲ್ಲಿ, ಹೊರರೋಗಿಗಳ ಪುಸ್ತಕದಲ್ಲಿ, ರಾತ್ರಿಪಾಳಿಯ ಟಿಪ್ಪಣಿಯಲ್ಲಿ. ತಾಯಿಯ ವಯಸ್ಸು, ಊರು, ಎಷ್ಟನೆಯ ಹೆರಿಗೆ, ಮಗು ಉಳಿಯಿತೋ ಇಲ್ಲವೋ ಎಂಬ ವಿವರಗಳು ಈ ಸೀಮೆಯ ಸಾಮಾಜಿಕ ಚರಿತ್ರೆಗೆ ಬೇರೆಲ್ಲೂ ಸಿಗವು. ಹಳೆಯ ಕಟ್ಟಡ ಕೆಡವುವಾಗ ಈ ಪುಸ್ತಕಗಳು ರದ್ದಿಗೆ ಹೋಗದಂತೆ ಆಸ್ಪತ್ರೆಗಳು ನೋಡಿಕೊಳ್ಳಬೇಕು. ರೋಗಿಗಳ ಹೆಸರು ಮರೆಮಾಚಿ ಅವನ್ನು ಅಧ್ಯಯನಕ್ಕೆ ಒದಗಿಸುವ ಹೊಣೆಯನ್ನು ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಹೊರಬೇಕು.